ಎಂ.ಎಸ್ಸಿ ನರ್ಸಿಂಗ್‌ಗೆ ವಿದ್ಯಾರ್ಥಿವೇತನ: ವಾರ್ಡ್ ಕೈಬಿಡದೆ ಮುಂದೆ ಓದೋಕೆ ದಾರಿ ಇದೆಯಾ?

ಎಡದಂಡೆ_ಸಿಸ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಿನ್ನೆ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ, ಅದಕ್ಕೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗ್ತದೆ, ಓದಿ.

ನನಗೆ 32 ವರ್ಷ. 2014ರಲ್ಲಿ ನರ್ಸಿಂಗ್ ಡಿಪ್ಲೊಮಾ, ಅಂದರೆ ಜಿಎನ್‌ಎಂ ಮುಗೀತು. ಮೂರು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ದುಡಿದು, ಕೂಡಿಟ್ಟ ದುಡ್ಡಲ್ಲಿ ಡಿಪ್ಲೊಮಾ ಮೇಲೆ ಮಾಡೋ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿಕೊಂಡೆ. 63 ಪರ್ಸೆಂಟ್ ಬಂತು. ಈಗ ಐದು ವರ್ಷದಿಂದ ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ ಇದ್ದೀನಿ, ಅಂದರೆ ನವಜಾತ ಶಿಶುಗಳ ಘಟಕದಲ್ಲಿ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ನೌಕರಿ. ನಾವು ಪರಿಶಿಷ್ಟ ಜಾತಿಯವರು. ಮನೆಯವರದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ನಾಲ್ಕು ವರ್ಷದ ಮಗಳಿದ್ದಾಳೆ.

ಈಗ ವಿಷಯಕ್ಕೆ ಬರ್ತೀನಿ. ಲೇಬರ್ ವಾರ್ಡಿನಿಂದ ಕೂಸು ಬಂದ ಕೂಡಲೇ ಕಂಕುಳಲ್ಲಿ ಥರ್ಮಾಮೀಟರ್ ಇಡ್ತೀವಿ. 36.5 ಡಿಗ್ರಿಗಿಂತ ಕಮ್ಮಿ ಇರಬಾರದು. ನಮ್ಮಲ್ಲಿ ರಾತ್ರಿ ಹುಟ್ಟಿದ ಕೂಸುಗಳು ಹಗಲು ಹುಟ್ಟಿದ್ದಕ್ಕಿಂತ ತಣ್ಣಗೆ ಬರ್ತಾವೆ ಅಂತ ನನಗೆ ಬಹಳ ದಿನದಿಂದ ಅನ್ನಿಸ್ತಿತ್ತು. ಯಾರಿಗೆ ಹೇಳಿದರೂ "ನಿನ್ನ ಭ್ರಮೆ" ಅಂದರು. ಹಾಗಾಗಿ ಮಗಳ ಹಳೇ ಡ್ರಾಯಿಂಗ್ ಪುಸ್ತಕದ ಹಿಂದೆ ಗೆರೆ ಹಾಕಿ ಮೂರು ತಿಂಗಳು ಬರೆದಿಟ್ಟೆ. ನನ್ನ ಡ್ಯೂಟಿಯಲ್ಲಿ ಬಂದ ಕೂಸುಗಳದು ಮಾತ್ರ: ಬಂದ ಹೊತ್ತು, ತೂಕ, ಉಷ್ಣತೆ. ರಾತ್ರಿ ಬಂದವುಗಳಲ್ಲಿ 35.2, 35.6, 35.4 ಇಂಥವೇ ಜಾಸ್ತಿ. ಒಂದು ಕೂಸಿಗೆ ಸುತ್ತಿದ್ದ ಬಟ್ಟೆ ಮುಟ್ಟಿ ನೋಡಿದೆ. ಹುಟ್ಟಿದಾಗ ಒರೆಸಿದ ಅದೇ ಒದ್ದೆ ಬಟ್ಟೆ. ಅಂಗೈಯಲ್ಲಿ ತಣ್ಣಗೆ ಕೊರೆಯಿತು. ಆ ತಂಪು ಕೈಯಿಂದ ಇನ್ನೂ ಹೋಗಿಲ್ಲ ನನಗೆ.

ಇದನ್ನ ಸರಿಯಾಗಿ ಓದಬೇಕು, ಅಳೀಬೇಕು, ಬದಲಾಯಿಸಬೇಕು. ಅದಕ್ಕೆ ಎಂ.ಎಸ್ಸಿ ಬೇಕು, ಮಾತು ನಡೆಯುವಂಥ ಜಾಗವೂ ಬೇಕು. ಒಂದು ಖಾಸಗಿ ಕಾಲೇಜಲ್ಲಿ ವಿಚಾರಿಸಿದರೆ ವರ್ಷಕ್ಕೆ ಒಂದೂವರೆ ಲಕ್ಷ ಅಂದರು. "ನೀವು ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಅಂತಾನೂ ಅಂದರು. ಅಮ್ಮ ಬಳೆ ಅಡ ಇಡು ಅಂತಿದ್ದಾರೆ. ನರ್ಸುಗಳಿಗೆ ಅಂತ ವಿದ್ಯಾರ್ಥಿವೇತನ ಇದೆಯಾ? ವಿದೇಶದ್ದು ನಮ್ಮಂಥವರಿಗೆ ಸಿಗೋದು ನಿಜವಾ? ಎಂ.ಎಸ್ಸಿ ಮಾಡಿದರೆ ಕಾಲೇಜಲ್ಲಿ ಪಾಠ ಹೇಳೋ ಟ್ಯೂಟರ್ ಆಗೋದೊಂದೇ ದಾರಿ ಅಂತಾರೆ, ಹೌದಾ?

—

ಬ್ರದರ್_ಹಾಸನ

ಸಿಸ್ಟರ್, ಮೊದಲು ನಿಮ್ಮ ಅರ್ಹತೆ ನೋಡೋಣ. ಎಂ.ಎಸ್ಸಿಗೆ ಭಾರತೀಯ ಶುಶ್ರೂಷಾ ಪರಿಷತ್ತು ಕೇಳೋದು ಬಿ.ಎಸ್ಸಿ ಅಥವಾ ಪೋಸ್ಟ್ ಬೇಸಿಕ್‌ನಲ್ಲಿ 55 ಪರ್ಸೆಂಟ್, ರಾಜ್ಯ ಪರಿಷತ್ತಿನ ನೋಂದಣಿ, ಒಂದು ವರ್ಷದ ಅನುಭವ. ಮೂರೂ ನಿಮಗಿದೆ. ನಿಮಗೆ ಬೇಕಾದ ವಿಷಯ ಚೈಲ್ಡ್ ಹೆಲ್ತ್.

ನಾನು ಕಾಯಂ ನೌಕರ, ಇಲಾಖೆಯಿಂದ ನಿಯೋಜನೆ ಮೇಲೆ ಓದಿದವನು. ಸಂಬಳ ಬರ್ತಾ ಇತ್ತು, ಓದಿದ ಮೇಲೆ ಇಂತಿಷ್ಟು ವರ್ಷ ಸೇವೆ ಮಾಡ್ತೀನಿ ಅಂತ ಬಾಂಡ್ ಬರೆದುಕೊಟ್ಟಿದ್ದೆ. ನಿಮ್ಮದು ಗುತ್ತಿಗೆ, ಆ ದಾರಿ ಈಗ ನಿಮಗಿಲ್ಲ. ಅದಕ್ಕೆ ನನಗೆ ನಿಜವಾಗಲೂ ಬೇಜಾರಿದೆ. ಒಂದೇ ವಾರ್ಡು, ಒಂದೇ ಡ್ಯೂಟಿ, ಓದುವ ಹಕ್ಕು ಮಾತ್ರ ಬೇರೆ ಬೇರೆ.

ಏಮ್ಸ್, ಪಿಜಿಐ ಚಂಡೀಗಢ, ಜಿಪ್ಮರ್, ನಮ್ಮ ನಿಮ್ಹಾನ್ಸ್ ಇವೆಲ್ಲ ಕೇಂದ್ರದ ಸಂಸ್ಥೆಗಳು. ಪ್ರವೇಶ ಪರೀಕ್ಷೆ ಕಷ್ಟ, ಆದರೆ ಫೀ ಖಾಸಗಿ ಕಾಲೇಜಿನ ಹತ್ತಿರಕ್ಕೂ ಬರೋದಿಲ್ಲ. ಏಮ್ಸ್‌ನಲ್ಲಿ ಪೀಡಿಯಾಟ್ರಿಕ್ ನರ್ಸಿಂಗ್ ಇದೆ. ನಿಮ್ಹಾನ್ಸ್‌ನದು ಮನೋರೋಗ ಶುಶ್ರೂಷೆ, ಅದು ನಿಮ್ಮ ದಾರಿ ಅಲ್ಲ. ಕಮ್ಮಿ ಫೀ ಸೀಟು ಸಿಕ್ಕರೆ ಅದೇ ದೊಡ್ಡ ವಿದ್ಯಾರ್ಥಿವೇತನ ಅಂತ ನನ್ನ ಲೆಕ್ಕ. ರಾಜ್ಯದ ಸೀಟುಗಳಿಗೆ ಕೆಇಎ ಪ್ರವೇಶ ಪರೀಕ್ಷೆ ಬರೀರಿ.

—

ಬಿಳಿಸೀರೆ_ಹುಬ್ಬಳ್ಳಿ

ತಂಗಿ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಏಕವಚನದಲ್ಲಿ ಕರೀತೀನಿ, ಬೇಸರ ಮಾಡ್ಕೋಬೇಡ, ನನ್ನ ದೊಡ್ಡ ಮಗಳು ನಿನಗಿಂತ ಸ್ವಲ್ಪ ಸಣ್ಣವಳು ಅಷ್ಟೇ. ಹದಿನಾಲ್ಕು ವರ್ಷ ವಾರ್ಡಿನಲ್ಲಿ, ಹನ್ನೊಂದು ವರ್ಷದಿಂದ ಕಾಲೇಜಿನಲ್ಲಿ ಇರೋಳು ನಾನು.

ಎಲ್ಲಕ್ಕಿಂತ ಮೊದಲು, ಬಳೆ ಅಡ ಇಡಬೇಡ. "ಬರೋದೇ ಬೇಡ" ಅನ್ನೋ ಕಾಲೇಜಿಗಂತೂ ಒಂದು ರೂಪಾಯಿ ಕೊಡಬೇಡ. ನನ್ನ ಜೊತೆ ದುಡಿದವಳೊಬ್ಬಳು ಹಾಗೇ ಸೇರಿದಳು. ಎರಡು ವರ್ಷ ಹಾಜರಿ ಪುಸ್ತಕದಲ್ಲಿ ಅವಳ ಸಹಿ ಬೇರೆ ಯಾರೋ ಹಾಕಿದರು, ಪ್ರಬಂಧ ದುಡ್ಡು ಕೊಟ್ಟು ಬರೆಸಿದಳು. ಪದವಿ ಬಂತು. ಆಮೇಲೆ ಒಂದು ಸಂದರ್ಶನದಲ್ಲಿ "ನಿಮ್ಮ ಸ್ಯಾಂಪಲ್ ಎಷ್ಟು, ಹೇಗೆ ಆರಿಸಿದಿರಿ" ಅಂತ ಕೇಳಿದಾಗ ಬಾಯಿ ಕಟ್ಟಿಹೋಯಿತು. ಹೊರಗೆ ಬಂದು ನನಗೆ ಫೋನ್ ಮಾಡಿ ಅತ್ತಳು. ಆಕೆ ದಡ್ಡಿ ಅಲ್ಲ, ನಾನು ಕಂಡ ಒಳ್ಳೇ ನರ್ಸುಗಳಲ್ಲಿ ಒಬ್ಬಳು. ಕಲಿಯುವ ಎರಡು ವರ್ಷವನ್ನೇ ಆಕೆಯಿಂದ ಕಸಿದುಕೊಂಡರು.

ಎರಡನೇದು, ನಿನ್ನ ಕೈಯಲ್ಲಿ ಏನಿದೆ ಅಂತ ನಿನಗೆ ಗೊತ್ತಿದ್ದಂಗೆ ಕಾಣಲಿಲ್ಲ. ಆ ಡ್ರಾಯಿಂಗ್ ಪುಸ್ತಕ! ವಿದ್ಯಾರ್ಥಿವೇತನದ ಅರ್ಜಿಗಳನ್ನ ನಮ್ಮ ಹುಡುಗಿಯರಿಗೆ ನಾನೇ ತಿದ್ದಿ ಕೊಡ್ತೀನಿ. ನೂರಕ್ಕೆ ತೊಂಬತ್ತರಲ್ಲಿ "ನನಗೆ ಸೇವಾ ಮನೋಭಾವ ಇದೆ, ನೈಟಿಂಗೇಲ್ ನನಗೆ ಸ್ಫೂರ್ತಿ" ಅಂತಲೇ ಇರ್ತದೆ. ನಾನೂ ಮೊದಲ ಸಲ ಹಾಗೇ ಬರೆದಿದ್ದೆ. "ಹನ್ನೆರಡು ನರ್ಸುಗಳ ಮೇಲ್ವಿಚಾರಣೆ ಮಾಡ್ತೀನಿ" ಅಂತ ನಾಯಕತ್ವದ ಪ್ರಬಂಧದಲ್ಲಿ ಹೆಮ್ಮೆಯಿಂದ ಬರೆದೆ. ಸಂದರ್ಶನದವರೆಗೂ ಹೋಗಲಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹಾಕಿದಾಗ ಹುದ್ದೆಯ ಮಾತು ಎತ್ತಲೇ ಇಲ್ಲ. ನಮ್ಮ ಸರ್ಜಿಕಲ್ ವಾರ್ಡಿನಲ್ಲಿ ರಾತ್ರಿ ಒಂಬತ್ತರ ಹ್ಯಾಂಡೋವರ್ (ಮುಂದಿನ ಡ್ಯೂಟಿಯವರಿಗೆ ರೋಗಿಗಳ ವಿವರ ಒಪ್ಪಿಸೋದು) ಬಾಗಿಲ ಹತ್ತಿರ ನಿಂತು ಬಾಯಿಮಾತಲ್ಲಿ ಮುಗೀತಿತ್ತು. ಅದನ್ನ ಪ್ರತಿ ಹಾಸಿಗೆಯ ಪಕ್ಕ ನಿಂತು, ಕೇಸ್ ಶೀಟ್ ಬಿಚ್ಚಿ, ಡ್ರೈನ್ ಮುಟ್ಟಿ ನೋಡಿ ಮಾಡೋ ಹಂಗೆ ಹೇಗೆ ತಂದೆ, ಯಾರು ವಿರೋಧ ಮಾಡಿದರು, ಹಿರಿಯ ಸಿಸ್ಟರ್ ಒಬ್ಬರನ್ನ ಹೇಗೆ ಒಪ್ಪಿಸಿದೆ, ಇಷ್ಟೇ ಬರೆದೆ. ಆ ಸಲ ಸಿಕ್ಕಿತು. ಒಂದು ವರ್ಷ ಇಂಗ್ಲೆಂಡಿನಲ್ಲಿ ಓದಿ ಬಂದೆ. ದುಡ್ಡು ಕೊಡುವವರು ನಿನ್ನ ಪ್ರಶ್ನೆ ನೋಡಿ ಕೊಡ್ತಾರೆ, ತಂಗಿ. ನಿನ್ನ ಹತ್ತಿರ ಅದು ಆಗಲೇ ಇದೆ.

ಅದು ಸಣ್ಣ ಪ್ರಶ್ನೆ ಅಂತಾನೂ ತಿಳ್ಕೋಬೇಡ. ಹಗುರ ಕೂಸುಗಳನ್ನ ಹುಟ್ಟಿದ ತಕ್ಷಣ ತಾಯಿಯ ಎದೆಗೆ ಹಚ್ಚಿದರೆ (ಇದನ್ನೇ ಕಾಂಗರೂ ಆರೈಕೆ ಅಂತಾರೆ) ಏನಾಗ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳಲ್ಲಿ ಅಧ್ಯಯನ ಮಾಡಿಸಿತು. ಫಲಿತಾಂಶ ಬಂದದ್ದು 2021ರಲ್ಲಿ. ಒಂದು ಕಿಲೋದಿಂದ 1.8 ಕಿಲೋ ಒಳಗಿನ ಕೂಸುಗಳು. ಸ್ಥಿತಿ ಸುಧಾರಿಸಲಿ ಅಂತ ಕಾಯ್ದು ಕಾಂಗರೂ ಆರೈಕೆ ಶುರು ಮಾಡಿದ ಗುಂಪಿನಲ್ಲಿ 28 ದಿನದೊಳಗೆ 15.7 ಪರ್ಸೆಂಟ್ ಕೂಸುಗಳು ತೀರಿಕೊಂಡರೆ, ತಕ್ಷಣ ಶುರು ಮಾಡಿದ ಗುಂಪಿನಲ್ಲಿ 12 ಪರ್ಸೆಂಟ್. ಅಷ್ಟು ದೂರ ಯಾಕೆ, ಕಾಂಗರೂ ಆರೈಕೆಯನ್ನ ಇಡೀ ಜಿಲ್ಲೆಗೆ ಹರಡೋದು ಹೇಗೆ ಅನ್ನೋ ಸಂಶೋಧನೆ ನಮ್ಮ ರಾಜ್ಯದ ಕೊಪ್ಪಳದಲ್ಲೇ ನಡೆದಿದೆ. ಒದ್ದೆ ಬಟ್ಟೆ ಮುಟ್ಟಿ ನೋಡಿದ ನೀನು ಅದೇ ದಾರಿಯಲ್ಲೇ ಇದ್ದೀ.

ಈಗ ದುಡ್ಡಿನ ಮಾತು. ನಿನಗೆ ಹೊಂದೋದನ್ನ ಮಾತ್ರ ಹೇಳ್ತೀನಿ.

ಮೊದಲು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ ಇರೋದು. ವರ್ಷಕ್ಕೆ 125 ಜನ, ಅದರಲ್ಲಿ 30 ಪರ್ಸೆಂಟ್ ಹೆಣ್ಣುಮಕ್ಕಳಿಗೆ. ಪದವಿಯಲ್ಲಿ 60 ಪರ್ಸೆಂಟ್ ಬೇಕು, ನಿನ್ನದು 63. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ. ವಯಸ್ಸು 35 ದಾಟಿರಬಾರದು. ಇದನ್ನ ಗಟ್ಟಿಯಾಗಿ ನೆನಪಿಡು, ನಿನಗೆ ಉಳಿದಿರೋದು ಎರಡೂವರೆ ಮೂರು ವರ್ಷ ಅಷ್ಟೇ. ಫೀ, ವಿಮಾನದ ಖರ್ಚು, ಇರೋ ಖರ್ಚು ಎಲ್ಲ ಅವರದೇ. ಇಂಗ್ಲೆಂಡಿಗಾದರೆ ಜೀವನ ವೆಚ್ಚಕ್ಕೆ ವರ್ಷಕ್ಕೆ 9,900 ಪೌಂಡ್. ಒಳ್ಳೇ ದರ್ಜೆಯ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಮೊದಲೇ ಕೈಯಲ್ಲಿರಬೇಕು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ನೋಡು, ಅದೂ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳನ್ನ ಹೊರದೇಶದ ಓದಿಗೆ ಕಳಿಸೋದೇ.

ಆಮೇಲೆ ಚೀವ್ನಿಂಗ್, ಬ್ರಿಟಿಷ್ ಸರ್ಕಾರದ್ದು. ನರ್ಸುಗಳು ಇದರ ಹೆಸರನ್ನೇ ಕೇಳಿರೋದಿಲ್ಲ, ಎಂಬಿಎ ಮಾಡೋರಿಗೆ ಅಂತ ತಿಳಿದಿರ್ತಾರೆ. ಹಾಗೇನಿಲ್ಲ. ಕನಿಷ್ಠ 2,800 ಗಂಟೆ ಕೆಲಸದ ಅನುಭವ ಕೇಳ್ತಾರೆ, ನೀನು ಅದನ್ನ ದಾಟಿ ಎಷ್ಟೋ ವರ್ಷ ಆಯಿತು. ವಯಸ್ಸಿನ ಮಿತಿ ಇಲ್ಲ. ಜಾತಿ, ಆದಾಯದ ಪ್ರಶ್ನೆ ಇಲ್ಲ. ನಾಲ್ಕು ಪ್ರಬಂಧ: ನಾಯಕತ್ವ, ಜನಸಂಪರ್ಕ, ಅಲ್ಲೇ ಯಾಕೆ ಓದಬೇಕು, ಮುಂದೆ ಏನು ಮಾಡ್ತೀಯ. ಮೂರು ಕೋರ್ಸುಗಳನ್ನ ಆರಿಸಿಕೊಳ್ಳಬಹುದು, ಅರ್ಜಿ ಹಾಕೋವಾಗ ಪ್ರವೇಶಪತ್ರ ಬೇಕಿಲ್ಲ. ಓದಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲೇ ಇರಬೇಕು. ನಿನಗೆ ಅದು ಷರತ್ತೇ ಅಲ್ಲ, ನೀನು ಬರೋದೇ ಕೂಸುಗಳನ್ನ ಬೆಚ್ಚಗಿಡೋ ನಿನ್ನ ವಾರ್ಮರ್ ಹತ್ತಿರಕ್ಕೆ.

ಕಾಮನ್‌ವೆಲ್ತ್ ವಿದ್ಯಾರ್ಥಿವೇತನ 1959ರಿಂದ ಇದೆ, ಆರೋಗ್ಯ ವ್ಯವಸ್ಥೆ ಬಲಪಡಿಸೋದು ಅವರ ವಿಷಯಗಳಲ್ಲಿ ಒಂದು. ಅಮೆರಿಕದ ಕಡೆ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಇದೆ, ಮೂರು ವರ್ಷದ ಅನುಭವ ಕೇಳ್ತಾರೆ. ಆದರೆ ಅಲ್ಲಿ ನಾಲ್ಕು ವರ್ಷದ ಪದವಿಯ ಪ್ರಶ್ನೆ ಬರ್ತದೆ. ಜಿಎನ್‌ಎಂ ಮೂರು, ಪೋಸ್ಟ್ ಬೇಸಿಕ್ ಎರಡು, ಇದನ್ನ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಥರ ಎಣಿಸ್ತದೆ. ಅರ್ಜಿ ಹಾಕೋ ಮೊದಲು ಅಂಕಪಟ್ಟಿ ಕಳಿಸಿ ಕೇಳಿಬಿಡು.

ಇನ್ನೊಂದು ಜೆ.ಎನ್. ಟಾಟಾ ಎಂಡೋಮೆಂಟ್, 1892ರಿಂದ ನಡೀತಿರೋದು. ಅದು ಸಾಲದ ರೂಪದ ವಿದ್ಯಾರ್ಥಿವೇತನ, ತಿರುಗಿ ಕಟ್ಟಬೇಕು. ನಮ್ಮ ತುಮಕೂರು ಜಿಲ್ಲೆಯ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಹೋಗಿ ಓದಿದ್ದು ಇದೇ ದುಡ್ಡಲ್ಲಿ. ಬೇರೆಲ್ಲ ಬಾಗಿಲು ಮುಚ್ಚಿದಾಗ, ಅಥವಾ ಸ್ವಲ್ಪ ಕಮ್ಮಿ ಬಿದ್ದಾಗ ಮಾತ್ರ ಇದರ ಯೋಚನೆ ಮಾಡು.

ನಮ್ಮಲ್ಲೇ ಓದಿದರೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಕೇಂದ್ರದ ಯೋಜನೆಯಲ್ಲಿ ಆದಾಯ ಮಿತಿ ಎರಡೂವರೆ ಲಕ್ಷ. ನಿನ್ನ ಸಂಬಳಕ್ಕೆ ಅಂಗಡಿಯದನ್ನ ಕೂಡಿಸಿದರೆ ಬಹುಶಃ ದಾಟ್ತದೆ. ಗುತ್ತಿಗೆ ನರ್ಸಿಗೆ ಕೂಡಿಡುವಷ್ಟು ಸಂಬಳ ಇಲ್ಲ, ವಿದ್ಯಾರ್ಥಿವೇತನ ಸಿಗುವಷ್ಟು ಬಡತನವೂ ಇಲ್ಲ. ಇದು ನನ್ನನ್ನ ಬಹಳ ವರ್ಷದಿಂದ ಕಾಡ್ತಿರೋ ಸಂಕಟ. ಆದರೂ ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಈಗಲೇ ತೆಗೆಸಿಟ್ಟುಕೋ, ಅದರ ಮೇಲಿರೋ ಆರ್‌ಡಿ ನಂಬರ್ ಇಲ್ಲದೆ ಯಾವ ಅರ್ಜಿಯೂ ಮುಂದೆ ಹೋಗೋದಿಲ್ಲ. ಭಾರತೀಯ ತರಬೇತಿ ಪಡೆದ ದಾದಿಯರ ಸಂಘ, ಅದೇ ಟಿಎನ್‌ಎಐ, 1908ರಿಂದ ಇದೆ. ಸದಸ್ಯರಿಗೆ ಓದಲು ನೆರವು ಕೊಡ್ತದೆ. ಮೊತ್ತ ದೊಡ್ಡದಲ್ಲ, ಆದರೆ ಸದಸ್ಯತ್ವ ಹೇಗೂ ಇರಲಿ.

ಟ್ಯೂಟರ್ ಆಗೋದೊಂದೇ ದಾರಿಯಾ ಅಂತ ಕೇಳಿದ್ದೀ. ಇಪ್ಪತ್ತು ವರ್ಷದ ಹಿಂದೆ ಹೆಚ್ಚುಕಮ್ಮಿ ಹೌದಿತ್ತು. ಈಗ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಅಂತ ಎರಡು ವರ್ಷದ ರೆಸಿಡೆನ್ಸಿ ಕೋರ್ಸ್ ಇದೆ, 80 ಪರ್ಸೆಂಟ್ ರೋಗಿಯ ಪಕ್ಕದಲ್ಲೇ ಕಲಿಯೋದು. ನಿನ್ನ ವಿಷಯ ಕೂಸುಗಳದಾದ್ದರಿಂದ ಅದನ್ನ ಹೆಚ್ಚು ಎಳೆಯೋದಿಲ್ಲ. ಪಿಎಚ್.ಡಿ.ಗೆ ಶುಶ್ರೂಷಾ ಪರಿಷತ್ತು ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಜೊತೆ ಸೇರಿ ರಾಷ್ಟ್ರೀಯ ಒಕ್ಕೂಟ ಮಾಡಿದೆ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಹೆಸರಿನ ಪಿಎಚ್.ಡಿ. ವೇತನ ಇದೆ. ಕೊರತೆ ಎಲ್ಲಿದೆ ಅಂದರೆ, ಯುಜಿಸಿ ನೆಟ್‌ನಲ್ಲಿ ನರ್ಸಿಂಗ್ ಅನ್ನೋ ವಿಷಯವೇ ಇಲ್ಲ. ಆ ದಾರಿಯ ಸಂಶೋಧನಾ ವೇತನ, ಅಂದರೆ ಜೆಆರ್‌ಎಫ್ ನಮ್ಮವರಿಗೆ ಮುಚ್ಚಿದಂತೆಯೇ. ಇಷ್ಟು ದೊಡ್ಡ ವೃತ್ತಿಗೆ ಹೀಗೆ ಆಗಬಾರದಿತ್ತು ಅಂತ ನಾನು ಸಿಕ್ಕ ಸಭೆಯಲ್ಲೆಲ್ಲ ಹೇಳ್ತಾ ಬಂದಿದ್ದೀನಿ, ಹೇಳ್ತಾನೇ ಇರ್ತೀನಿ.

—

ಲೀಡ್ಸ್_ಕನ್ನಡತಿ

ಟೀಚರ್ ಬರೆದದ್ದು ಓದಿ ಕಣ್ಣು ತುಂಬಿ ಬಂತು. ನಾನು ಶಿವಮೊಗ್ಗದವಳು, ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಆರು ವರ್ಷ ಆಯಿತು. ಮಗು ಇರೋದರಿಂದ ಒಂದು ಮುಖ್ಯ ಮಾತು ಹೇಳಬೇಕು.

2024ರ ಜನವರಿಯಿಂದ ಇಲ್ಲಿಗೆ ಮಾಸ್ಟರ್ಸ್ ಓದಲು ಬರುವವರು ಗಂಡ, ಮಕ್ಕಳನ್ನ ಕರೆತರೋ ಹಾಗಿಲ್ಲ. ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಬಂದವರಿಗೆ ವಿನಾಯಿತಿ ಇದೆ, ಆದರೆ ಕುಟುಂಬದ ವೀಸಾ, ಆರೋಗ್ಯ ಶುಲ್ಕ, ಬಾಡಿಗೆ ಎಲ್ಲ ನಿಮ್ಮ ಕೈಯಿಂದಲೇ. ಒಂದು ವರ್ಷ ಮಗಳನ್ನ ಬಿಟ್ಟಿರ್ತೀರಾ, ಕರೆತರ್ತೀರಾ ಅನ್ನೋದನ್ನ ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ನನ್ನ ಮಗನಿಗೆ ಮೂರು ವರ್ಷ ಇದ್ದಾಗ ಹದಿನಾಲ್ಕು ತಿಂಗಳು ಅಮ್ಮನ ಹತ್ತಿರ ಬಿಟ್ಟಿದ್ದೆ. ವಿಡಿಯೋ ಕಾಲ್‌ನಲ್ಲಿ ಫೋನಿನ ಹಿಂದೆ ಕೈ ಹಾಕಿ ನನ್ನನ್ನ ಹುಡುಕ್ತಿದ್ದ. ಹೆದರಿಸೋಕೆ ಹೇಳ್ತಿಲ್ಲ, ಗೊತ್ತಿದ್ದು ಬನ್ನಿ ಅಂತ.

ಕೆಲಸಕ್ಕೆ ಅಂತಲೇ ಬಂದು, ಇಲ್ಲೇ ಅರೆಕಾಲಿಕವಾಗಿ ಓದುವ ದಾರಿಯೂ ಇದೆ. ನನ್ನ ಮಾಸ್ಟರ್ಸ್‌ನ ಎರಡು ಮಾಡ್ಯೂಲ್‌ಗಳ ಫೀ ನಮ್ಮ ಆಸ್ಪತ್ರೆಯೇ ಕಟ್ಟಿತು. ಫ್ಲಾರೆನ್ಸ್ ನೈಟಿಂಗೇಲ್ ಫೌಂಡೇಶನ್ನಿನಲ್ಲಿ ನರ್ಸುಗಳ ನಾಯಕತ್ವಕ್ಕೇ ಅಂತ ವಿದ್ಯಾರ್ಥಿವೇತನ ಇದೆ. ಎನ್‌ಐಎಚ್‌ಆರ್ ಅಂತ ಇಲ್ಲಿನ ಸಂಶೋಧನಾ ಸಂಸ್ಥೆ ನರ್ಸಿಗೆ ಸಂಬಳವನ್ನೂ ಓದಿನ ಫೀಯನ್ನೂ ಕೊಟ್ಟು ಸಂಶೋಧನೆ ಮಾಡಿಸ್ತದೆ. ವಾರ್ಡಿನಲ್ಲೇ ಇರುತ್ತಾ ಪಿಎಚ್.ಡಿ. ಮಾಡುವ ನರ್ಸನ್ನ ನಾನು ದಿನಾ ನೋಡ್ತೀನಿ. ಆದರೆ ಈ ದಾರಿ ಹಿಡಿದವರು ತಿರುಗಿ ಹೋಗೋದು ಕಮ್ಮಿ. ನಿಮ್ಮ ಕೂಸುಗಳು ಅಲ್ಲಿವೆ.

—

ಎಡದಂಡೆ_ಸಿಸ್ಟರ್

ಟೀಚರ್, ಅಕ್ಕ, ಬ್ರದರ್, ಏನು ಹೇಳಬೇಕೋ ತಿಳೀತಿಲ್ಲ. ಮನೆಯವರಿಗೆ ಓದಿ ಹೇಳಿದೆ. ಅಮ್ಮ ಬಳೆ ತೆಗೆದು ತಿರುಗಿ ಟ್ರಂಕಿನಲ್ಲಿ ಇಟ್ಟರು. ಮಗಳ ವಿಷಯ ಇನ್ನೂ ಮಾತಾಡಿಲ್ಲ, ನಾನೇ ಮುಂದೂಡ್ತಿದ್ದೀನಿ.

ಟೀಚರ್, ಒಂದು ಭಯ. ಆ ಪುಸ್ತಕದಲ್ಲಿ ಬರೆದದ್ದನ್ನ ಅರ್ಜಿಯಲ್ಲಿ ಹಾಕಬಹುದಾ? ಯಾರ ಪರವಾನಗಿಯೂ ತಗೊಂಡಿಲ್ಲ. ಲೇಬರ್ ವಾರ್ಡಿನ ಸಿಸ್ಟರ್‌ಗಳ ಮೇಲೆ ದೂರು ಹೇಳಿದ ಹಾಗೆ ಆಗಬಾರದು. ಅವರು ರಾತ್ರಿ ಇಬ್ಬರೇ ಇರ್ತಾರೆ, ಒಮ್ಮೊಮ್ಮೆ ಮೂರು ಹೆರಿಗೆ ಒಟ್ಟಿಗೇ ಆಗ್ತಾವೆ.

—

ಬಿಳಿಸೀರೆ_ಹುಬ್ಬಳ್ಳಿ

ಈ ಪ್ರಶ್ನೆ ಕೇಳಿದೆಯಲ್ಲ, ಅರ್ಧ ಸಂಶೋಧಕಿ ಆದ ಹಾಗೇ.

ಅದನ್ನ ಸಂಶೋಧನೆ ಅಂತ ಬರೀಬೇಡ. ಅಂಕಿಗಳನ್ನೂ ಹಾಕಬೇಡ. "ನನ್ನ ವಾರ್ಡಿನಲ್ಲಿ ಇದನ್ನ ಗಮನಿಸಿದೆ, ಹಾಗಾಗಿ ಈ ಪ್ರಶ್ನೆ ಹುಟ್ಟಿತು" ಅಂತ ಬರಿ, ಅಷ್ಟು ಸಾಕು. ಪುಸ್ತಕದಲ್ಲಿ ತಾಯಿಯ ಹೆಸರು, ಐಪಿ (ಒಳರೋಗಿ) ನಂಬರ್ ಇದ್ದರೆ ಇವತ್ತೇ ಕಪ್ಪು ಶಾಯಿಯಲ್ಲಿ ಹೊಡೆದುಹಾಕು. ಮುಂದೆ ಅಧ್ಯಯನ ಅಂತ ಮಾಡೋದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು, ಐಸಿಎಂಆರ್‌ನ 2017ರ ಮಾರ್ಗಸೂಚಿ ಅದನ್ನೇ ಹೇಳ್ತದೆ. ಎಂ.ಎಸ್ಸಿಯಲ್ಲಿ ನಿನ್ನ ಪ್ರಬಂಧಕ್ಕೂ ಅದನ್ನೇ ಮಾಡ್ತೀ.

ಅಲ್ಲಿಯವರೆಗೆ ಇದು ಆಸ್ಪತ್ರೆಯ ಗುಣಮಟ್ಟ ಸುಧಾರಿಸುವ ಕೆಲಸ. ನಾಳೆ ನಿಮ್ಮ ಎಸ್‌ಎನ್‌ಸಿಯು ಡಾಕ್ಟರಿಗೂ ಇನ್‌ಚಾರ್ಜ್ ಸಿಸ್ಟರ್‌ಗೂ ತೋರಿಸು. ಲೇಬರ್ ವಾರ್ಡಿಗೆ ಹೋಗೋವಾಗ ಪುಸ್ತಕ ಒಯ್ಯಬೇಡ, ಎರಡು ಒಣ ಟವೆಲ್ ಒಯ್ಯಿ. "ರಾತ್ರಿ ನಿಮಗೆ ಕೈ ಸಾಲೋದಿಲ್ಲ, ನಮ್ಮಿಂದ ಏನು ಆಗಬೇಕು" ಅಂತ ಕೇಳು. ಅವರು ಹೇಳೋದನ್ನ ಕೇಳಿಸಿಕೋ, ಉತ್ತರ ಕೊಡಬೇಡ. ಏನಾಯಿತು ಅಂತ ಆಮೇಲೆ ಬರೆದಿಟ್ಟುಕೋ, ನಾಯಕತ್ವದ ಪ್ರಬಂಧದ ಮೊದಲ ಪ್ಯಾರಾ ಅದೇ ಆಗ್ತದೆ. ಮುಗಿಸಿದ ಮೇಲೆ ನನಗೆ ಕಳಿಸು, ತಿದ್ದಿ ಕೊಡ್ತೀನಿ. ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ತಯಾರಿಯನ್ನ ದಿನಾ ಅರ್ಧ ಗಂಟೆ ಶುರು ಮಾಡು. ಕೆಇಎ ಪರೀಕ್ಷೆಗೂ ಬ್ರದರ್ ಹೇಳಿದಂಗೆ ಕೂತುಬಿಡು, ಒಂದು ಕೈತಪ್ಪಿದರೆ ಇನ್ನೊಂದಿರಲಿ.

ಮಗಳ ಮಾತನ್ನ ಮುಂದೂಡಬೇಡ ತಂಗಿ.

—

ಎಡದಂಡೆ_ಸಿಸ್ಟರ್

ಆರು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ. ನಾಡಕಚೇರಿಗೆ ಅರ್ಜಿ ಕೊಟ್ಟೆ. ಡಾಕ್ಟರ್ ಮೇಡಂ ಪುಸ್ತಕ ನೋಡಿ ಏನೂ ಮಾತಾಡದೆ ಎರಡು ಪುಟ ಮತ್ತೆ ಮತ್ತೆ ತಿರುವಿದರು. ಆಮೇಲೆ "ಇದನ್ನ ಯಾಕೆ ಇಷ್ಟು ದಿನ ತೋರಿಸಲಿಲ್ಲ" ಅಂದರು. ಹೊಸ ರಿಜಿಸ್ಟರ್ ಕೊಡಿಸಿದ್ದಾರೆ.

ಲೇಬರ್ ವಾರ್ಡಿಗೆ ಟವೆಲ್ ತಗೊಂಡು ಹೋಗಿದ್ದೆ. ಅಲ್ಲಿಯ ಹಿರಿಯ ಸಿಸ್ಟರ್ ಮೊದಲು ಮುಖ ಗಂಟು ಹಾಕಿಕೊಂಡರು. ಆಮೇಲೆ ಅವರೇ ಬೀರು ತೆಗೆದು ತೋರಿಸಿದರು. ಸಂಜೆ ಐದಕ್ಕೆ ಲಾಂಡ್ರಿ ಮುಚ್ಚಿದರೆ ಬೆಳಿಗ್ಗೆವರೆಗೆ ಒಣ ಬಟ್ಟೆ ಬರೋದೇ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಬೀರು ಖಾಲಿ. ಮೂರು ತಿಂಗಳು ಬರೆದೆ, ಇದೊಂದು ಗೊತ್ತಿರಲಿಲ್ಲ ನನಗೆ.

ಹೊಸ ರಿಜಿಸ್ಟರ್‌ನಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದಿದ್ದೀನಿ: ಬೀರುವಿನಲ್ಲಿ ಒಣ ಟವೆಲ್ ಎಷ್ಟಿತ್ತು. ಇವತ್ತು ರಾತ್ರಿ ಡ್ಯೂಟಿ ಇದೆ, ಹೋಗಿ ಬರ್ತೀನಿ.